ಜಾತಿ ಕೇಳುವ ನಮ್ಮ ಕಾಕಾ

ನಮ್ಮ ಕಾಕಾನಷ್ಟು ಜಾತಿ ಹುಚ್ಚಿನ ಮನುಷ್ಯ ಇಡೀ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಲ್ಲ! ಬೇಲಿ ಕಂಡರೆ ನಿಂತು ಜಾತಿ ಕೇಳುತ್ತಿದ್ದ. ಗಟಾರದ ದಂಡೆ ಕಂಡರೆ ಬಗ್ಗಿ ಕುಲ ವಿಚಾರಿಸುತ್ತಿದ್ದ. ಮಂದಿಯ ಮದುವೆಗೆ ಹೋದರೆ ಹಂದರದ ಕಂಬಕ್ಕೆ ಕಟ್ಟಿದ ಕಬ್ಬಿನ ಮುಂದೆ ನಿಂತು, "ಏನ್ ದೊಡ್ಡ ಕುಟುಂಬ ರೀ ಇದು! ಲೋಕದ ತುಂಬಾ ಹಬ್ಬ್ಯಾದ" ಎಂದು ತಲೆದೂಗುತ್ತಿದ್ದ. ಬೀಗರು ತಮ್ಮನ್ನೇ ಹೊಗಳಿದನೆಂದು ಹಿಗ್ಗಿ, ಅವನ ಎಲೆಗೆ ಇನ್ನೊಂದು ಬುಂದೇಲಾಡು ಹಾಕಿಸುತ್ತಿದ್ದರು. ಇಂಥವನನ್ನು ನೀವು ಏನೆಂದು ಕರೆಯುತ್ತೀರಿ?

ಕರೆಯುವ ಮೊದಲು ಸ್ವಲ್ಪ ತಡೆಯಿರಿ. ಕಾಕಾ ಕಲಬುರ್ಗಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ. ಅವನು ಕೇಳುತ್ತಿದ್ದದ್ದು ಗಿಡಗಳ ಜಾತಿ. ಹಾಗಾದರೆ ಇಂಗ್ಲಿಷಿನಲ್ಲಿ ಜೀನಸ್ಸು, ಸ್ಪೀಶೀಸು ಅಂದು ಪಾರಾಗಬಹುದಿತ್ತಲ್ಲ ಎನ್ನುತ್ತೀರಿ. ಅದೇ ಅವನಿಂದ ಆಗಲಿಲ್ಲ! ನಿಜಾಮರ ಕಾಲದಲ್ಲಿ ಶಾಲೆಯನ್ನು ಉರ್ದುವಿನಲ್ಲಿ ಮುಗಿಸಿ, ಕಾಲೇಜನ್ನು ಇಂಗ್ಲಿಷಿನಲ್ಲಿ ದಾಟಿ ಬಂದವನು, ಐವತ್ತಾರರಲ್ಲಿ ನಮ್ಮ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿದಾಗ ಪಣ ತೊಟ್ಟುಬಿಟ್ಟ. "ಮನಷ್ಯಾರು ಕನ್ನಡಕ್ಕ ಬಂದ್ರು. ಗಿಡಾ ಏನ್ ಪಾಪಾ ಮಾಡ್ಯಾವ?" ಅಂದಿನಿಂದ ಅವನ ಪಾಠದಲ್ಲಿ ಕುಟುಂಬ, ಕುಲ, ಜಾತಿ, ಈ ಮೂರೇ ಮಾತು. ವರಾಂಡದಲ್ಲಿ ಹಾದುಹೋಗುವವರಿಗೆ ಒಳಗೆ ಸಸ್ಯಶಾಸ್ತ್ರ ನಡೆದಿದೆಯೋ, ಯಾರದಾದರೂ ಸಂಬಂಧ ಕುದುರಿಸುವ ಮಾತುಕತೆ ನಡೆದಿದೆಯೋ ತಿಳಿಯುತ್ತಿರಲಿಲ್ಲ.

ಸಂಬಂಧ ಅಂದಕೂಡಲೇ ನೆನಪಾಯಿತು. ಕಾಕಾ ಹುಮನಾಬಾದಿಗೆ ಹೆಣ್ಣು ನೋಡಲು ಹೋದ ಕಥೆಯನ್ನು ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆ ಹೇಳಲೇಬೇಕು, ಇಲ್ಲದಿದ್ದರೆ ಹೋಳಿಗೆ ರುಚಿಸುವುದಿಲ್ಲ. ಹುಡುಗಿ ತಲೆ ಬಗ್ಗಿಸಿ ಚುರುಮುರಿ ಸುಸಲಾದ ತಟ್ಟೆ ತಂದಿಟ್ಟಳು. ಜಡೆಯಲ್ಲಿ ಹೂವಿನ ದಂಡೆ. ಎಲ್ಲರೂ ಹುಡುಗನ ಬಾಯಿಂದ ಏನು ಬರುತ್ತದೋ ಎಂದು ಉಸಿರು ಬಿಗಿಹಿಡಿದು ಕೂತಿದ್ದಾರೆ. ಕಾಕಾ ಕನ್ನಡಕ ಸರಿಪಡಿಸಿಕೊಂಡು ಮುಂದೆ ಬಾಗಿದ. ಬಾಗಿ, ತುಂಬಿದ ಮನೆಯಲ್ಲಿ ಗಂಟಲೆತ್ತಿ ಹೇಳಿದ:

"ಏ, ನೋಡಾಕಷ್ಟೇ ಹಾಂಗ ಕಾಣ್ತದ ರೀ. ಜಾತಿನೇ ಬ್ಯಾರೆ ಅದ!"

ಹುಡುಗಿಯ ಸೋದರಮಾವ ಧೋತರದ ಕಚ್ಚೆ ಬಿಗಿದುಕೊಂಡು ಎದ್ದು ನಿಂತ. "ಯಾರ ಜಾತಿ ಬ್ಯಾರೆ ಅಂತೀರಿ? ನಮ್ಮ ಮನಿತನಾ ಏನಂತ ತಿಳಿದೀರಿ?" ನಮ್ಮ ಅಜ್ಜ ಬೆವರೊರೆಸಿಕೊಂಡ. ಕಾಕಾ ಮಾತ್ರ ಶಾಂತವಾಗಿ, "ಸಿಟ್ಟಿಗೇಳಬ್ಯಾಡ್ರಿ, ದಳಾ ಎಣಸಿ ನೋಡ್ರಿ. ಇದು ಮಲ್ಲಿಗಿ ಅಲ್ಲ" ಎಂದ. ಅಷ್ಟರಲ್ಲಿ ಆ ಹುಡುಗಿಯೇ ಬಾಯಿ ಬಿಟ್ಟಳು. "ಮಾಮಾ, ಸುಮ್ಕ ಕುಂದ್ರು. ಅವರು ನನ್ನ ನೋಡಾಕತ್ತಿಲ್ಲ, ಹೂವಾ ನೋಡಾಕತ್ತಾರ!" ಆ ಒಂದು ಮಾತಿಗೆ ಲಗ್ನ ನಿಶ್ಚಯವಾಯಿತು. ಆ ಹುಡುಗಿ, ಅಂದರೆ ನಮ್ಮ ಕಾಕು, ಈ ಕಥೆಯನ್ನು ಮುಗಿಸುವುದು ಯಾವಾಗಲೂ ಒಂದೇ ಮಾತಿನಿಂದ: "ಇವತ್ತಿಗೂ ನೋಡಿಲ್ಲ."

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಅದೂ ಅದೇ ಕಾಲೇಜಿನಲ್ಲಿ, ಅದೇ ಕಾಕಾನ ಕೈಯಲ್ಲಿ! ಮನೆಯಲ್ಲಿ "ನೀ" ಅಂದವನನ್ನು ಕ್ಲಾಸಿನಲ್ಲಿ "ಸರ್, ನೀವು" ಅನ್ನಬೇಕಾದ ಸಂಕಟ ನಿಮಗೆ ಗೊತ್ತಾಗಲಿಕ್ಕಿಲ್ಲ. ಆ ವರ್ಷ ಅಧ್ಯಯನ ಪ್ರವಾಸ ಕಡ್ಡಾಯ. ಊರೂರು ತಿರುಗಿ ಗಿಡ ಕಿತ್ತು, ಪೇಪರಿನ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ ತಂದರೆ ಮಾತ್ರ ಪ್ರಾಕ್ಟಿಕಲ್ ಪರೀಕ್ಷೆ. ಪ್ರವಾಸಕ್ಕೆ ಬಾರದವನು ಆ ವರ್ಷ ಮನೆಗೆ ಹೋಗಬಹುದು.

ನಮ್ಮೆಲ್ಲರ ಜೀವ ಊಟಿಯಲ್ಲಿತ್ತು. ಅಲ್ಲಿ ನಾಯಕ ನಾಯಕಿಯರು ಗಿಡ ಸುತ್ತುವುದನ್ನು ಟಾಕೀಜಿನಲ್ಲಿ ಕಣ್ಣಾರೆ ಕಂಡಿದ್ದೆವು. ಸಸ್ಯಶಾಸ್ತ್ರದ ವಿದ್ಯಾರ್ಥಿಗಳಾಗಿ ಆ ಗಿಡಗಳನ್ನು ಪರೀಕ್ಷಿಸುವುದು ನಮ್ಮ ಕರ್ತವ್ಯವಲ್ಲವೇ? ನಮ್ಮ ಗುಂಪಿನಲ್ಲಿ ಬಾಯಿಗೆ ಹೆಸರಾದ ಮಲ್ಲು ಧೈರ್ಯ ಮಾಡಿದ.

"ಸರ್, ಊಟಿಗೆ ಹೋಗೋಣ್ರಿ. ಅಲ್ಲಿ ಥರಾವರಿ ಗಿಡಾ ಅವಂತ್ರಿ."

"ನಿಮ್ಮನಿ ಹಿತ್ತಲದಾಗ ಏನ್ ಬೆಳದದ?"

"ಕಸಾ ರೀ."

"ಯಾವ ಕಸಾ?"

ಮಲ್ಲು ಆಕಾಶ ನೋಡಿದ.

"ಕಸದ ಹೆಸರ ಗೊತ್ತಿಲ್ಲದಾಂವ ಊಟಿಗೆ ಹೋಗಿ ಏನ್ ಮಾಡ್ತಿ? ಸ್ವೆಟರ್ ಹಾಕ್ಕೋತಿ! ನಡೀರಿ ಹುಮನಾಬಾದಕ."

ಹೀಗೆ ಇತಿಹಾಸ ವಿಭಾಗದವರು ಊಟಿಗೂ, ಗಿಡ ಓದುವ ನಾವು ಹುಮನಾಬಾದಿಗೂ ಹೊರಟೆವು. ಊರ ಮಗ್ಗುಲ ಮಾಣಿಕನಗರದಲ್ಲಿ ಇಳಿದುಕೊಳ್ಳಲು ಕೋಣೆ ಸಿಕ್ಕಿತು. ಗಿಡ ಒತ್ತುವ ಹಲಗೆ, ಬೆಲ್ಟು, ರದ್ದಿ ಅಂಗಡಿಯಿಂದ ತಂದ ಉರ್ದು ಪೇಪರಿನ ಕಟ್ಟು, ಎಲ್ಲ ನಮ್ಮ ತಲೆಯ ಮೇಲೆ. ಕಾಕಾನ ಹೆಗಲಿಗೆ ಮಾತ್ರ ಒಂದು ಉದ್ದನೆಯ ತಗಡಿನ ಡಬ್ಬಿ. ಕಿತ್ತ ಗಿಡ ಬಾಡದಿರಲೆಂದು ಒಳಗೆ ಒದ್ದೆ ಬಟ್ಟೆ ಹಾಸಿರುತ್ತಿದ್ದ. ಅದರಿಂದ ತೊಟತೊಟ ನೀರು ಸೋರುತ್ತಿತ್ತು. ಅದನ್ನು ನೋಡಿ ಓಣಿಯ ಹುಡುಗರೆಲ್ಲ "ಕುಲ್ಫಿ ಬಂತೋ!" ಎಂದು ಬೆನ್ನು ಹತ್ತಿದರು. ಜಗಲಿಯ ಮೇಲಿದ್ದ ಅಜ್ಜಿಯೊಬ್ಬಳು ಮೊಮ್ಮಗನನ್ನು ಎತ್ತಿಕೊಂಡು ಅಡ್ಡ ನಿಂತು, "ಕುಲ್ಫಿ ಹ್ಯಾಂಗ ಕೊಟ್ಟೆಪಾ?" ಎಂದು ಕೇಳಿದಳು. ಬೇಲಿಯ ಧ್ಯಾನದಲ್ಲಿದ್ದ ಕಾಕಾನ ಕಿವಿಗೆ ಕುಲ್ಫಿ ಎಂಬುದು ಕುಲ ಎಂದು ಬಿತ್ತು.

"ಕುಲಾ ಕೊಡಾಕ ಬರಂಗಿಲ್ಲವ್ವಾ, ಹುಡುಕಬೇಕಾಗ್ತದ."

ಅಜ್ಜಿ ಮೊಮ್ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಇಷ್ಟಕ್ಕೇ ಮುಗಿದಿದ್ದರೆ ಪುಣ್ಯ. ಮೊದಲನೆಯ ದಿನವೇ ಅವನು ನಮ್ಮನ್ನು ಬಸವಕಲ್ಯಾಣಕ್ಕೆ ಕರೆದೊಯ್ದ. ಶರಣರ ಊರು! ಜಾತಿಯನ್ನು ಬುಡಸಮೇತ ಕೀಳಲು ಹೊರಟವರು ನಡೆದಾಡಿದ ನೆಲ! ಅಲ್ಲಿಗೆ ಹೋಗಿ ಇವನು ಕೆರೆಯ ದಂಡೆಯಲ್ಲಿ ನಿಂತು, ಒಂದು ಪೊದೆಗೆ ಕೊಡೆಯ ತುದಿ ಚುಚ್ಚಿ, ಆಚೆ ದಂಡೆಗೂ ಕೇಳುವಂತೆ ಕೂಗಿದ:

"ಜಲ್ದಿ ಹೇಳ್ರಿ! ಇದರ ಕುಲಾ ಯಾವ್ದು? ಜಾತಿ ಯಾವ್ದು?"

ಪೊದೆಯ ಹಿಂದಿನಿಂದ ಒಬ್ಬ ಮುದುಕರು ಎದ್ದು ನಿಂತರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಒಗೆದು ಹಿಂಡುತ್ತಿದ್ದ ಧೋತರ.

"ಯಾರಿಗಿ ಕೇಳಾಕತ್ತೀರಿ ಜಾತಿ? ಎಂಥಾ ಊರಾಗ ನಿಂತು ಎಂಥಾ ಮಾತು ಆಡಾಕತ್ತೀರಿ? ಇದು ಕಲ್ಯಾಣ ಅದ, ಕಲ್ಯಾಣ!"

ಅಲ್ಲಿಂದ ಶುರುವಾಯಿತು ನೋಡಿ. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಮುದುಕರು ಜಾತಿ ಎಂಬುದು ಹೇಗೆ ಸುಳ್ಳು, ಕುಲ ಎಂಬುದು ಹೇಗೆ ಹೊಲಸು ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಕಾಕಾ ಕೈ ಮುಗಿದು, ಕಣ್ಣು ಮುಚ್ಚಿ, ಅಷ್ಟನ್ನೂ ಕೇಳಿದ. ನಾವು ಅವನ ಹಿಂದೆ ಪಾಪಿಗಳ ಸಾಲಿನಂತೆ ನಿಂತಿದ್ದೆವು. ಕಾಕಾನ ಭಕ್ತಿ ಕಂಡು ಮುದುಕರ ಮನಸ್ಸು ಕರಗಿತು. ಧೋತರ ಹೆಗಲಿಗೆ ಹಾಕಿಕೊಂಡು, ಹತ್ತಿರ ಬಂದು, ದನಿ ಇಳಿಸಿ ಅಕ್ಕರೆಯಿಂದ ಕೇಳಿದರು:

"ಆತು ಬಿಡ್ರಿ, ನಿಮಗ ತಿಳೀತು. ಅಂದಂಗ, ನೀವು ಯಾರ ಪೈಕಿ?"

ಯಾರ ಪೈಕಿ! ನಮ್ಮ ಕಡೆ ಜಾತಿ ಯಾವುದು ಎಂದು ಮರ್ಯಾದಸ್ಥರು ಕೇಳುವುದಿಲ್ಲ. ಪೈಕಿ ಕೇಳುತ್ತಾರೆ. ನೀರು ಕೊಡುವ ಮೊದಲು ಪೈಕಿ, ಮನೆ ಬಾಡಿಗೆಗೆ ಕೊಡುವ ಮೊದಲು ಪೈಕಿ. ಜಾತಿ ಸತ್ತುಹೋಗಿದೆ ಸ್ವಾಮಿ, ಅದರ ಪೈಕಿ ಮಾತ್ರ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ! ಕಾಕಾ ಏನು ಉತ್ತರ ಕೊಟ್ಟನೆಂದು ನನಗೆ ನೆನಪಿಲ್ಲ. ಪ್ರವಚನದಲ್ಲೇ ಹೊತ್ತು ಇಳಿದದ್ದರಿಂದ ಕೋಟೆಯ ಗಿಡಗಳು ಬಾಕಿ ಉಳಿದವು, ಮೂರನೆಯ ದಿನ ಮತ್ತೆ ಕಲ್ಯಾಣಕ್ಕೆ ಬರುವುದೆಂದು ಠರಾವಾಯಿತು.

ಎರಡನೆಯ ದಿನ ಕೊಡಂಬಲ ಎಂಬ ಹಳ್ಳಿಗೆ ಹೋಗುವುದಿತ್ತು. ಅಲ್ಲಿನ ಒಬ್ಬ ದೊಡ್ಡ ಸಾಹುಕಾರರ ಮಗ ಹಿಂದಿನ ವರ್ಷ ಕಾಕಾನ ಕೈಯಲ್ಲಿ ಕಲಿತು ಪಾಸಾಗಿದ್ದ. ಆ ಖುಷಿಗೆ ಅವರು ನಮ್ಮನ್ನೆಲ್ಲ ತಮ್ಮ ವಾಡೆಯ ಮನೆಗೆ ಊಟಕ್ಕೆ ಕರೆದಿದ್ದರು. ಹೋಳಿಗೆ, ತುಪ್ಪ ಅಂದಕೂಡಲೇ ಮಲ್ಲು ಊಟಿಯನ್ನು ಪೂರ್ತಿ ಮರೆತ. ಒಬ್ಬನಿಗೆ ಮಾತ್ರ ಮೊದಲ ದಿನದ ಸಂಜೆಯೇ ಜ್ವರ ಬಂತು.

ಅವನು ಗೌತಮ. ಬಸವಕಲ್ಯಾಣದ ಮಗ್ಗುಲಲ್ಲೇ ಇರುವ ಮೋರಖಂಡಿಯವನು. ಅವನ ಅಪ್ಪ ಅವ್ವ ಬೌದ್ಧರಾದ ಮೇಲೆ ಹುಟ್ಟಿದವನು, ಅದಕ್ಕೇ ಆ ಹೆಸರು. ಮನೆಯವರು ಧರ್ಮ ಬದಲಿಸಿದ್ದರು, ಊರು ಕಣ್ಣು ಬದಲಿಸಿರಲಿಲ್ಲ. ನಾನು ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. "ಏನೋ ಇದು?" ಎಂದೆ.

"ಆ ವಾಡೇದ ಹೊರಗಿನ ಕಟ್ಟಿ ನನಗ ಬರೋಬ್ಬರಿ ಗುರ್ತದ. ಅವ್ವ ಸುಗ್ಗಿ ದಿನದಾಗ ಇಷ್ಟು ದೂರ ಅವರ ಹೊಲಕ್ಕ ಕೂಲಿಗಿ ಬಂದಾಗ ಆಕಿ ಜೋಡಿ ಅಲ್ಲೇ ಕುಂತು ಉಂಡೀನಿ. ಈಗ ಡಿಗ್ರಿ ಓದಿ ಮತ್ತ ಅಲ್ಲೇ ಹೋಗಿ ಕುಂದ್ರಬೇಕೇನು? ನಿಮ್ಮೆಲ್ಲಾರ ಮುಂದ?"

ನಾನು ಅಲ್ಲಿಂದ ಎದ್ದೆ. ನೇರ ಕಾಕಾನ ಬಳಿ ಹೋಗಿ ಎಲ್ಲ ಹೇಳಿದೆ. ಕಾಕಾ ತನ್ನ ಪ್ಯಾಂಟಿಗೆ ಹತ್ತಿದ ಬೀಜಗಳನ್ನು ಒಂದೊಂದಾಗಿ ಕೀಳುತ್ತ ಕೂತಿದ್ದ.

"ಉತ್ತರಾಣಿ ನೋಡು, ಹ್ಯಾಂಗ ಹತ್ತ್ಯಾದ!"

"ಕಾಕಾ, ನಾ ಹೇಳಿದ್ದು ಕೇಳ್ದ್ಯಾ?"

"ಕೇಳೀನಿ. ಬರಲಿಕ್ಕಂದ್ರ ಪರೀಕ್ಷೆಗಿ ಕುಂದ್ರಸಂಗಿಲ್ಲಂತ ಹೇಳು."

ಕಲ್ಲು! ಕಲ್ಲಿನ ಮೇಲೂ ಪಾಚಿ ಬೆಳೆಯುತ್ತದೆ, ಈ ಮನುಷ್ಯನ ಎದೆಯಲ್ಲಿ ಅದೂ ಇಲ್ಲ ಎಂದುಕೊಂಡೆ. ಗೌತಮನ ಮುಂದೆ ಹೇಗೆ ಹೇಳಿದೆನೋ ದೇವರಿಗೇ ಗೊತ್ತು. ಕೂಲಿ ಮಾಡಿ ಓದಿಸಿದ ಅವ್ವ, ಕೊನೆಯ ವರ್ಷ, ಒಂದು ಪರೀಕ್ಷೆ. ಅವನು ಬೆಳಿಗ್ಗೆ ಎಲ್ಲರ ಜೊತೆ ಬಸ್ಸು ಹತ್ತಿದ.

ವಾಡೆಯ ಅಂಗಳದಲ್ಲಿ ಸಾಹುಕಾರರು ಜೋಕಾಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಲೆಕ್ಕ ಬರೆಯುವ ಮುನೀಮ. ದೊಡ್ಡ ಬಾಗಿಲ ಹೊರಗೆ ಆ ಕಟ್ಟೆಯನ್ನು ನಾನೂ ನೋಡಿದೆ. ಸೆಗಣಿ ಬಳಿದು ಎರಡು ಎಲೆ ಹಾಸಿ ಸಿದ್ಧವಾಗಿಯೇ ಇತ್ತು. ಗೌತಮ ನನ್ನ ಬೆನ್ನ ಹಿಂದೆ ಸರಿದ.

"ಸರ, ಪಂಕ್ತಿ ಹಾಕಸಬೇಕಲ್ರಿ," ಸಾಹುಕಾರರು ಬಹಳ ಮರ್ಯಾದೆಯಿಂದ ಕೇಳಿದರು. "ಹುಡುಗರು ಯಾರ್‍ಯಾರು ಯಾವ ಪೈಕಿ?"

ಕಾಕಾ ಅಂಗಳದ ಆಚೆಯ ಹಿತ್ತಲದ ಕಡೆ ಮುಖ ಮಾಡಿ ನಿಂತಿದ್ದ. ಅಲ್ಲಿ ದಾಸವಾಳ, ಬೆಂಡೆ, ಪುಂಡಿಸೊಪ್ಪು ಸಾಲಾಗಿ ಬೆಳೆದಿದ್ದವು. ತಿರುಗದೆಯೇ ಉತ್ತರ ಕೊಟ್ಟ.

"ಮಾಲ್ವೇಸಿ ರೀ."

ಸಸ್ಯಶಾಸ್ತ್ರ ಓದಿದವರಿಗೆ ಗೊತ್ತು, ಅದು ಬೆಂಡೆ ದಾಸವಾಳಗಳ ಕುಟುಂಬದ ಹೆಸರು. ಅವನು ಕನ್ನಡಕ್ಕೆ ತರದೆ ಬಿಟ್ಟ ಹೆಸರುಗಳಲ್ಲಿ ಅದೂ ಒಂದು. ಸಾಹುಕಾರರು ಜೋಕಾಲಿ ನಿಲ್ಲಿಸಿದರು.

"ಎಲ್ಲಾರೂ?"

"ಎಲ್ಲಾರೂ! ಒಂದೇ ಕುಟುಂಬ."

"ಮಾಲ್ವೇಸಿ ಅಂದ್ರ... ಮಾಳವ ದೇಶದ ಕಡಿಂದ ಬಂದೋರೇನ್ರಿ?"

"ಮೂಲಾ ಭಾಳ ಹಳೇದ್ರಿ. ದೇಶದ ತುಂಬಾ ಹಬ್ಬ್ಯಾದ. ಮಂದಿ ಮೈಮ್ಯಾಲಿನ ಅರಿವಿ ಅವರದೇ, ಗಂಗಾಳದಾಗಿನ ಪಲ್ಯ ಅವರದೇ."

ಹತ್ತಿಯೂ ಅದೇ ಕುಟುಂಬ, ಪುಂಡಿಯೂ ಅದೇ ಕುಟುಂಬ. ಒಂದು ಮಾತೂ ಸುಳ್ಳಲ್ಲ! ಸಾಹುಕಾರರು ಅನ್ನ ವಸ್ತ್ರ ದಾನ ಮಾಡುವ ಯಾವುದೋ ಮಹಾ ಮನೆತನವನ್ನು ಕಲ್ಪಿಸಿಕೊಂಡು ಎರಡೂ ಕೈ ಜೋಡಿಸಿದರು. ಮುನೀಮ ಒಳಗೆ ಕೂಗಿದ: "ಎಲ್ಲಾ ಎಲಿ ನಡುಮನ್ಯಾಗ ಹಾಕ್ರಿ! ಮಾಳ್ವೇಶಿ ಮಂದಿ ಬಂದಾರ!"

ಪಂಕ್ತಿಯಲ್ಲಿ ಕೂತ ಮೇಲೂ ಅವರ ಉಪಚಾರ ನಿಲ್ಲಲಿಲ್ಲ. "ನಿಮ್ಮ ಮಂದಿ ಬಳ್ಳೊಳ್ಳಿ ತಿಂತಾರೇನ್ರಿ?" ಎಂದು ಕೇಳಿದರು. ಬಾಯಿ ತುಂಬ ಹೋಳಿಗೆ ಇಟ್ಟುಕೊಂಡಿದ್ದ ಮಲ್ಲು, "ನಮ್ಮ ಮಂದಿ ಎಲ್ಲಾ ತಿಂತಾರ್ರಿ" ಎಂದ. "ಹೊರಗಿನೋರಿಗಿ ಹೆಣ್ಣು ಕೊಡ್ತೀರೇನ್ರಿ?" ಎಂದು ಕಾಕಾನನ್ನು ಕೇಳಿದರು. "ಅದು ಜೇನುಹುಳದ ಕೈಯಾಗದ ರೀ" ಎಂದ ಕಾಕಾ. ಅವರು ಯಾವುದೋ ಗಹನವಾದ ವೇದಾಂತವೆಂದು ತಿಳಿದು ಮತ್ತೆ ತುಪ್ಪ ಹಾಕಿಸಿದರು. ನಾವು ನಗು ತಡೆಯಲಾರದೆ ಒಬ್ಬರ ತೊಡೆ ಒಬ್ಬರು ಚಿವುಟಿಕೊಳ್ಳುತ್ತಿದ್ದೆವು. ನನ್ನ ಮಗ್ಗುಲಲ್ಲಿದ್ದ ಗೌತಮ ಎಲೆ ಬಿಟ್ಟು ತಲೆ ಎತ್ತಲಿಲ್ಲ.

ಸಂಜೆ ಬಸ್ಸಿಗೆಂದು ನಡೆದುಬರುವಾಗ ಎಲ್ಲರೂ ಕುಣಿಯುತ್ತಿದ್ದೆವು. "ಸರ್, ಏನ್ ಹೇಳಿದ್ರಿ ಸರ್! ಹೊಡದ್ರಿ ನೋಡ್ರಿ!" ಎಂದು ಮಲ್ಲು ಕಾಕಾನನ್ನು ಹೆಗಲ ಮೇಲೆ ಹೊರುವುದೊಂದೇ ಬಾಕಿ. ಆಗ ಗೌತಮ ದಾರಿಯ ನಡುವೆ ನಿಂತ.

"ಸರ್, ಸಿಟ್ಟ ಮಾಡ್ಕೋಬ್ಯಾಡ್ರಿ. ನೀವು ನನ್ನ 'ಒಳಗ' ಕುಂದ್ರಸಲಿಲ್ಲ. ಮುಚ್ಚಿಟ್ರಿ."

ಕಾಕಾ ತಿರುಗಿದ.

"ಆ ಹೊರಗಿನ ಕಟ್ಟಿಮ್ಯಾಲ ಕುಂತಿದ್ರ ಅವಮಾನ ಆಗ್ತಿತ್ತು ಖರೆ. ಆದ್ರ ಅಲ್ಲಿ ನಾನರ ಇರ್ತಿದ್ದೆ. ನಡುಮನ್ಯಾಗ ಉಂಡಾಂವ ಯಾರೋ ಮಾಳ್ವೇಶಿ ಸರ್. ನಾ ಅಲ್ಲ. ಆ ಊಟ ನನ್ನ ಮೈಗಿ ಹತ್ತಂಗಿಲ್ಲ."

ಮಲ್ಲುವಿನ ಕುಣಿತ ನಿಂತಿತು. ದಾರಿಯುದ್ದಕ್ಕೂ ಬೇಲಿ ಪಕ್ಕದಲ್ಲೇ ಇತ್ತು, ಕಾಕಾ ಅದರ ಕಡೆ ನೋಡಲಿಲ್ಲ. ಕೊಡೆಯನ್ನು ಬಗಲಿಗೆ ಇರುಕಿಕೊಂಡು, "ನೀ ಅಂದದ್ದು ಖರೆ ಅದ" ಎಂದಷ್ಟೇ ಹೇಳಿ ಮುಂದೆ ನಡೆದ. ನನಗೆ ಆಗ ಹೊಳೆಯಿತು: ಆ ಮಾಲ್ವೇಸಿ ಈ ಮನುಷ್ಯ ಧ್ಯಾನದಲ್ಲಿ ಮೈಮರೆತು ಆಡಿದ ಮಾತಲ್ಲ. ಹಿಂದಿನ ಸಂಜೆ ಉತ್ತರಾಣಿ ಬೀಜ ಕೀಳುತ್ತ ಕೂತಾಗಲೇ ಎಲ್ಲ ಕೇಳಿಸಿಕೊಂಡಿದ್ದ, ಎಲ್ಲ ಯೋಚಿಸಿದ್ದ. ಯೋಚಿಸಿ ತನಗೆ ತಿಳಿದ ಒಂದೇ ಉಪಾಯ ಮಾಡಿದ್ದ, ಅದು ಕೆಟ್ಟಿತ್ತು.

ಮೂರನೆಯ ದಿನ ಕಲ್ಯಾಣದ ಕೋಟೆ ಎಂದು ಹೊರಟವರು ಕೋಟೆಗೆ ಹೋಗಲಿಲ್ಲ. ಕಲ್ಯಾಣದಲ್ಲಿ ಇಳಿದವನೇ ಕಾಕಾ ಮೋರಖಂಡಿಯ ದಾರಿ ಹಿಡಿದ. "ಸರ್, ಅಲ್ಲಿ ಏನ್ ಗಿಡಾ ಇಲ್ರಿ" ಎಂದು ಗೌತಮ ದಾರಿಯುದ್ದಕ್ಕೂ ಬೇಡಿಕೊಂಡ. ಕಾಕಾ ಕಿವುಡನಾದ.

ಗೌತಮನ ಅವ್ವ ಹೊಲಕ್ಕೆ ಹೊರಡುವವಳಿದ್ದಳು. ಮನೆಯ ಮುಂದೆ ಇಷ್ಟು ಮಂದಿ, ತಗಡಿನ ಡಬ್ಬಿ, ಹಲಗೆ, ಪೇಪರಿನ ಕಟ್ಟು ಕಂಡು ಮಗನಿಗೆ ಏನೋ ಆಗಿದೆ ಎಂದು ಹೌಹಾರಿದಳು. ಮಗ ಹಿಂದಿನಿಂದ ಬಂದು ಮೆಲ್ಲಗೆ "ನಮ್ಮ ಸರ್ರವ್ವಾ" ಎಂದ. ಆಕೆ ಬೇವಿನ ನೆರಳಲ್ಲಿ ಕೌದಿ ಹಾಸಿದಳು. ಒಳಗೆ ಒಲೆ ಉರಿಯುತ್ತಿತ್ತು, ರೊಟ್ಟಿಯ ವಾಸನೆ ಬರುತ್ತಿತ್ತು. ಆದರೂ ಸೆರಗು ಸರಿಪಡಿಸಿಕೊಂಡು ಮಗನಿಗೆ, "ಹೊಟೇಲಿಂದ ಚಾ ತರ್ತಿ ಏನಪಾ? ಅವರ ಕಪ್ಪಿನ್ಯಾಗೇ ತಾ" ಎಂದಳು. ಆ ಮಾತಿನ ಅರ್ಥ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವರು ಬಂದರೆ ಆ ಮನೆಗಳಲ್ಲಿ ಅಂಗಡಿಯದು ತಂದು ಕೊಡುತ್ತಾರೆ. ತಮ್ಮ ಕೈಯದು ಮುಂದಿಟ್ಟು, ಅವರು ಒಲ್ಲೆ ಅಂದು, ಇಬ್ಬರಿಗೂ ಮುಜುಗರವಾಗುವುದು ಬೇಡವೆಂದು.

"ನನಗ ಹೊಟೇಲ್ ಚಾ ಬ್ಯಾಡವ್ವಾ" ಎಂದ ಕಾಕಾ.

ಆಕೆಯ ಮುಖ ಸಣ್ಣದಾಯಿತು. ಅದೂ ಒಲ್ಲರೇನೋ ಎಂದುಕೊಂಡಿರಬೇಕು.

"ನಿನ್ನ ಒಲಿಮ್ಯಾಲ ಏನದ ಅದು ಕೊಡು. ಹಸಿವ್ಯಾಗ್ಯಾದ."

ಆಕೆ ಮಗನ ಮುಖ ನೋಡಿದಳು, ಕಾಕಾನ ಮುಖ ನೋಡಿದಳು. "ಸರ... ನಾವು ಯಾರಂತ ನಿಮಗ..."

"ಗೊತ್ತದವ್ವಾ. ನಿನ್ನೆ ಹೇಳಲಾರದ ಉಂಡ್ವಿ, ಅದು ತಪ್ಪಾತು. ಇವತ್ತ ಹೇಳಿ ಉಣ್ಣಾಕ ಬಂದೀವಿ."

ನಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಕಾಕಾ ಯಾರ ಕಡೆಗೂ ತಿರುಗಲಿಲ್ಲ, ಪರೀಕ್ಷೆಯ ಹೆಸರು ಹೇಳಿ ಹೆದರಿಸಲೂ ಇಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ಒಳಗೆ ಹೋಗಿ ನೆಲದ ಮೇಲೆ ಕೂತ. ಮಲ್ಲು ಹಿಂದೆ ಹೋದ. ಆಮೇಲೆ ನಾನು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಜಾಗ ಸಾಲದೆ ಕೆಲವರು ಬಾಗಿಲಲ್ಲೇ ಕೂತರು. ನನ್ನ ಕಾಕಾನ ಮೇಲೆ ನನಗೆ ಅಷ್ಟು ಅಭಿಮಾನ ಹಿಂದೆಂದೂ ಹುಟ್ಟಿರಲಿಲ್ಲ.

ಗೌತಮ ಬುಟ್ಟಿಯಿಂದ ಬಿಸಿ ರೊಟ್ಟಿ ತೆಗೆದು ಮೊದಲು ಕಾಕಾನ ಕೈಗಿಟ್ಟ. ಕಾಕಾ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡ. ಅಗಿಯಲು ಹೋದ, ಆಗಲಿಲ್ಲ. ಕನ್ನಡಕ ತೆಗೆದು ತೋಳಿನಿಂದ ಕಣ್ಣೊರೆಸಿಕೊಂಡ. ಒಲೆಯ ಮುಂದಿದ್ದ ಅವ್ವ ಗಾಬರಿಯಾಗಿ ತಿರುಗಿದಳು.

"ಯಾಕ್ರಿ ಸರ, ಖಾರ ಹತ್ತಿತೇನ್ರಿ?"

"ಹೌದವ್ವಾ," ಎಂದ ಕಾಕಾ. "ಭಾಳ ಖಾರ ಅದ."

ಖಾರದ ಹಿಂಡಿಯ ಬಟ್ಟಲು ಗೌತಮನ ಕೈಯಲ್ಲೇ ಇತ್ತು. ಅವನು ಇನ್ನೂ ಯಾರಿಗೂ ಬಡಿಸಿರಲಿಲ್ಲ.